ರಿಸೀವರ್ ಬದಲಿಸುವ ಮುಂಚೆ: ದೊಡ್ಡ ಮಾಡೆಲ್ ವಿಮಾನದಲ್ಲಿ ಕರೆಂಟ್ ದೋಷ ಹುಡುಕುವ ಬಗೆ

ವಿಮಾನ ಹೊಲಕ್ಕೆ ಬಿದ್ದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ಸಿಗ್ನಲ್ ಹೋಯ್ತು." ಬೀಳದೆ, ಒಂದು ಸಲ ತಲೆ ಒದರಿ ಸುಧಾರಿಸಿಕೊಂಡರೂ ಅದೇ ಮಾತು. ಮರುದಿನ ಹೊಸ ರಿಸೀವರ್‌ಗೆ, ಅಂದರೆ ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಆದೇಶವನ್ನು ವಿಮಾನದೊಳಗೆ ಹಿಡಿಯುವ ಡಬ್ಬಿಗೆ, ಆರ್ಡರ್ ಹೋಗುತ್ತದೆ. ಹೊಸದು ಬಂದು ಕೂತ ಮೇಲೆ ಸ್ವಲ್ಪ ದಿನ ಚೆನ್ನಾಗಿರುತ್ತದೆ. ಆಮೇಲೆ ಮತ್ತೆ ಅದೇ ಪಾಡು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ, ಆಂಟೆನಾ ಸರಿಯಾಗಿ ಕೂತಿದ್ದರೆ, ಕಣ್ಣಿಗೆ ಕಾಣುವ ದೂರದಲ್ಲಿ ಸಿಗ್ನಲ್ ಸುಮ್ನೆ ಹೋಗುವುದಿಲ್ಲ. ಮೊದಲು ಅನುಮಾನ ಪಡಬೇಕಾದ್ದು ರಿಸೀವರ್‌ಗೆ ಬರುವ ವೋಲ್ಟೇಜನ್ನು. ಬ್ಯಾಟರಿಯಲ್ಲಿ ಎಷ್ಟಿದೆ ಅನ್ನುವುದು ಬೇರೆ, ಸರ್ವೋಗಳೆಲ್ಲ (ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರ್‌ಗಳು) ಒಟ್ಟಿಗೆ ಕರೆಂಟ್ ಎಳೆಯುವಾಗ ರಿಸೀವರ್ ಬಾಗಿಲಿಗೆ ಎಷ್ಟು ಬಂದು ಮುಟ್ಟುತ್ತದೆ ಅನ್ನುವುದು ಬೇರೆ. ನಮ್ಮ ಕಡೆ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಕರೆಂಟ್ ಚೆನ್ನಾಗಿರುತ್ತದೆ, ಲೈನಿನ ಕೊನೆಯ ಪಂಪ್‌ಸೆಟ್ ಮಾತ್ರ ಏಳೋದಿಲ್ಲ.

ಇಲ್ಲಿ ಬರೆದಿರುವುದು 50 ಸಿಸಿ ಆಸುಪಾಸಿನ ಪೆಟ್ರೋಲ್ ಎಂಜಿನ್ ಇರುವ, ಎಂಟು ಹತ್ತು ಕೆ.ಜಿ. ತೂಗುವ ವಿಮಾನಗಳ ಬಗ್ಗೆ. ರೆಕ್ಕೆ ಅಂಚಿನ ಪಟ್ಟಿ ಏಲಿರಾನ್‌ಗೆ ಎರಡೋ ನಾಲ್ಕೋ, ಬಾಲದ ಅಡ್ಡ ಪಟ್ಟಿ ಎಲಿವೇಟರ್‌ಗೆ ಎರಡು, ನೆಟ್ಟಗಿನ ಪಟ್ಟಿ ರಡ್ಡರ್‌ಗೆ ಒಂದೋ ಎರಡೋ, ಎಂಜಿನ್ ವೇಗ ಹೆಚ್ಚುಕಮ್ಮಿ ಮಾಡುವ ಥ್ರಾಟಲ್‌ಗೆ ಒಂದು ಅಂತ ಏಳೆಂಟು ಸರ್ವೋ ಇರುತ್ತವೆ. ದೊಡ್ಡ ಡಿಜಿಟಲ್ ಸರ್ವೋ ತಡೆದು ನಿಂತಾಗ ಒಂದೇ 3ರಿಂದ 6 ಆಂಪಿಯರ್ ಎಳೆಯಬಲ್ಲದು. ಎಲ್ಲವೂ ಒಂದೇ ಕ್ಷಣಕ್ಕೆ ಅಷ್ಟು ಎಳೆಯುವುದಿಲ್ಲ, ನಿಜ. ಆದರೆ ಕಡಿದಾಗಿ ಮೇಲಕ್ಕೆಳೆದು ಹೊರಳಿಸಿದಾಗ ಹತ್ತು ಆಂಪಿಯರ್ ದಾಟುವುದು ದೊಡ್ಡ ಮಾತಲ್ಲ. ಸಣ್ಣ ಫೋಮ್ ವಿಮಾನದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೈ ಹಾಕುವ ಮುಂಚೆ, ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಬ್ಯಾಟರಿ ಬಿಚ್ಚಿಡಿ. ಎಂಜಿನ್ ನಡೆಸಿಯೇ ಮಾಡಬೇಕಾದ ಪರೀಕ್ಷೆಗಳಿಗೆ ಬಾಲ ಹಿಡಿಯಲು ಇನ್ನೊಬ್ಬರು ಬೇಕು. ಒಬ್ಬರೇ ಮಾಡಬೇಡಿ.

ವಿಮಾನ ಏನು ಮಾಡಿತು?

ಬಿಚ್ಚುವ ಮುಂಚೆ ಹಾರಿಸಿದವರನ್ನೂ ಪಕ್ಕದಲ್ಲಿ ನಿಂತವರನ್ನೂ ಕೇಳಿ. ಹಾರಿಸಿದವರು ಗಾಬರಿಯಲ್ಲಿರುತ್ತಾರೆ. ಪಕ್ಕದವರು ಎಂಜಿನ್ ಸದ್ದು ನೆನಪಿಟ್ಟಿರುತ್ತಾರೆ.

ಎಂಜಿನ್ ತಾನಾಗಿ ಐಡಲ್‌ಗೆ ಇಳಿಯಿತೇ? ಇಳಿದಿದ್ದರೆ ಫೇಲ್‌ಸೇಫ್ (ಆದೇಶ ನಿಂತಾಗ ತಾನಾಗಿ ಎಂಜಿನ್ ಇಳಿಸುವ ಏರ್ಪಾಡು) ಕೆಲಸ ಮಾಡಿದೆ, ಅಂದರೆ ರಿಸೀವರ್‌ಗೆ ಆದೇಶ ಬರುವುದು ನಿಂತಿತ್ತು. ಅದು ಎರಡು ಕಾರಣಕ್ಕೆ ಆಗಬಹುದು. ಸಿಗ್ನಲ್ ನಿಜವಾಗಿ ಹೋಗಿರಬಹುದು. ಇಲ್ಲವೇ ವೋಲ್ಟೇಜ್ ಕುಸಿದು ರಿಸೀವರ್ ಆರಿ, ಮತ್ತೆ ಹೊತ್ತಿಕೊಂಡು, ಟ್ರಾನ್ಸ್‌ಮಿಟರನ್ನು ಹುಡುಕಿಕೊಳ್ಳುತ್ತಿರಬಹುದು. ಇದನ್ನೇ ಬ್ರೌನ್‌ಔಟ್ ಅನ್ನುವುದು. ಸಾಮಾನ್ಯವಾಗಿ 3.5 ವೋಲ್ಟ್ ಆಸುಪಾಸಿಗೆ ಇಳಿದರೆ ರಿಸೀವರ್‌ಗಳು ಕೈಬಿಡುತ್ತವೆ. "ಆರು ವೋಲ್ಟ್ ಬ್ಯಾಟರಿ ಅಷ್ಟು ಇಳಿಯುತ್ತಾ?" ಅಂತ ಕೇಳುವವರಿಗೆ ಉತ್ತರ ಮುಂದೆ ಇದೆ.

ಒಂದೇ ರೆಕ್ಕೆಯ ಏಲಿರಾನ್ ಮಾತ್ರ ನಡುಗಿತೇ? ಹಾಗಾದರೆ ರೇಡಿಯೋ ಸಿಗ್ನಲ್ಲಿನ ಮಾತೇ ಬೇಡ. ಎಲ್ಲ ಚಾನೆಲ್‌ಗಳೂ ಒಂದೇ ಸಿಗ್ನಲ್‌ನಲ್ಲಿ ಬರುತ್ತವೆ. ಒಂದು ಸರ್ವೋಗೆ ಮಾತ್ರ ಹೋಗದೆ ಉಳಿದವಕ್ಕೆ ಬರುವುದು ಆಗದ ಮಾತು. ಆ ಸರ್ವೋ, ಅದರ ಎಕ್ಸ್‌ಟೆನ್ಷನ್ ವೈರ್, ರೆಕ್ಕೆ ಬುಡದ ಪ್ಲಗ್, ಇಷ್ಟೇ ನೋಡಿ. ಪಕ್ಕದ ಚಾನೆಲ್‌ಗೆ ಸಿಕ್ಕಿಸಿ ನೋಡಿದರೆ ದೋಷ ಸರ್ವೋ ಜೊತೆ ಹೋಗುತ್ತದೋ ಚಾನೆಲ್ ಜೊತೆ ಉಳಿಯುತ್ತದೋ ಗೊತ್ತಾಗಿಬಿಡುತ್ತದೆ.

ಎಲ್ಲ ಸರ್ವೋಗಳೂ ನಿಧಾನವಾದವೇ? ಟ್ರಾನ್ಸ್‌ಮಿಟರಿನ ಸ್ಟಿಕ್ ಎಳೆದರೆ ಸೋಮಾರಿಯಾಗಿ ಬಂದವೇ? ಇದು ಬಹಳ ಜನ ಗಮನಿಸದೆ ಬಿಡುವ ಸುಳಿವು. ಸಿಗ್ನಲ್ ಹೋದರೆ ಸರ್ವೋ ನಿಲ್ಲುತ್ತದೆ, ನಿಧಾನ ಆಗುವುದಿಲ್ಲ. ನಿಧಾನ ಆಯಿತು ಅಂದರೆ ವೋಲ್ಟೇಜ್ ಕಮ್ಮಿ ಅಂತಲೇ ಅರ್ಥ.

ಟೆಲಿಮೆಟ್ರಿ (ವಿಮಾನದ ಅಳತೆಗಳನ್ನು ಕೆಳಗೆ ಕಳಿಸುವ ಏರ್ಪಾಡು) ಇದ್ದವರು ಲಾಗ್ ತೆಗೆದು ನೋಡುತ್ತಾರೆ. "ಕನಿಷ್ಠ ವೋಲ್ಟೇಜ್ 5.2 ತೋರಿಸ್ತಿದೆ, ಪವರ್ ಸರಿ ಇದೆ" ಅಂತ ತೀರ್ಪು ಕೊಡುತ್ತಾರೆ. ಇಲ್ಲಿ ಹುಷಾರಾಗಿರಬೇಕು. ವೋಲ್ಟೇಜನ್ನು ಅಳೆದು ಕಳಿಸುವುದು ಅದೇ ರಿಸೀವರ್. ಅದೇ ಆರಿಹೋದಾಗ 3 ವೋಲ್ಟ್ ಅಂತ ಹೇಳುವವರು ಯಾರು? ಲಾಗ್‌ನಲ್ಲಿ ಒಂದು ಖಾಲಿ ಜಾಗ ಇರುತ್ತದೆ ಅಷ್ಟೇ. ಸಿಗ್ನಲ್ ಹೋದಾಗಲೂ ಅಂಥದ್ದೇ ಖಾಲಿ ಜಾಗ. ಎರಡನ್ನೂ ಬೇರೆ ಮಾಡುವುದು ಎಣಿಕೆ. ಫ್ರೇಮ್ ಲಾಸ್, ಅಂದರೆ ಬಾರದೆ ತಪ್ಪಿದ ಆದೇಶಗಳನ್ನು, ಎಣಿಸುವ ರಿಸೀವರ್ ಆಗಿದ್ದರೆ, ಖಾಲಿ ಜಾಗದ ನಂತರ ಎಣಿಕೆ ಎಲ್ಲಿಂದ ಶುರುವಾಗಿದೆ ನೋಡಿ. ಮೊದಲಿನ ಸಂಖ್ಯೆಯಿಂದ ಮೇಲಕ್ಕೆ ಏರಿದ್ದರೆ ಸಿಗ್ನಲ್ ತೊಂದರೆ. ಮತ್ತೆ ಸೊನ್ನೆಯಿಂದ ಶುರುವಾಗಿದ್ದರೆ ರಿಸೀವರ್ ನಡುದಾರಿಯಲ್ಲಿ ಆರಿ ಹೊತ್ತಿದೆ. ಕೆಲವು ರಿಸೀವರ್‌ಗಳಲ್ಲಿ, ಹಾಗೆ ಆರಿ ಹೊತ್ತಿದ್ದರೆ ಇಳಿದ ಮೇಲೂ ಎಲ್‌ಇಡಿ ಮಿಣುಕುತ್ತಲೇ ಇರುತ್ತದೆ. ಅದಕ್ಕೇ ವಿಮಾನ ಇಳಿದ ಮೇಲೆ ಸ್ವಿಚ್ ಆಫ್ ಮಾಡುವ ಮುಂಚೆ ರಿಸೀವರ್ ದೀಪ ನೋಡುವುದು. ಬಿದ್ದ ಜಾಗಕ್ಕೆ ಓಡಿದವರು ಮೊದಲು ಬ್ಯಾಟರಿ ಕೀಳುತ್ತಾರೆ. ಬೆಂಕಿ ಭಯಕ್ಕೆ ಅದು ಸರಿಯೇ, ಆದರೆ ಕೀಳುವ ಮುಂಚೆ ಒಂದು ಕಣ್ಣು ದೀಪದ ಮೇಲೆ ಇರಲಿ.

ಬ್ಯಾಟರಿಗೆ ಹೊರೆ ಹೊರಿಸಿ

ಹೊರೆ ಇಲ್ಲದೆ ಮೀಟರ್ ಇಟ್ಟು ನೋಡಿದ ವೋಲ್ಟೇಜಿಗೆ ಬೆಲೆ ಇಲ್ಲ. ಸತ್ತಂತಿರುವ ಬ್ಯಾಟರಿಯೂ ಖಾಲಿ ಕೂತಾಗ ಚೆಂದದ ಸಂಖ್ಯೆ ತೋರಿಸುತ್ತದೆ.

ಹೊರೆಗೆ ದುಬಾರಿ ಸಾಮಾನು ಬೇಡ. ದಾವಣಗೆರೆಯ ಪಿ.ಬಿ. ರಸ್ತೆಯ ಯಾವುದೇ ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕಾರಿನ ಹೆಡ್‌ಲೈಟ್ ಹ್ಯಾಲೋಜನ್ ಬಲ್ಬ್ ಕೇಳಿ. 12 ವೋಲ್ಟ್, 60/55 ವಾಟ್, ಮೂರು ಕಾಲಿನದು. ಲಾರಿಯ 24 ವೋಲ್ಟಿನದು ಕೊಟ್ಟುಬಿಡುತ್ತಾರೆ, ನೋಡಿ ತಗೊಳ್ಳಿ. ಹೈ ಬೀಮ್, ಲೋ ಬೀಮ್ ಎರಡೂ ಕಾಲುಗಳನ್ನು ಒಟ್ಟು ಸೇರಿಸಿ ಪಾಸಿಟಿವ್‌ಗೆ, ಉಳಿದ ಕಾಲು ನೆಗೆಟಿವ್‌ಗೆ. 6.6 ವೋಲ್ಟ್ ಬ್ಯಾಟರಿಗೆ ಕೊಟ್ಟರೆ ಎರಡೂ ತಂತಿ ಸೇರಿ ಆರೇಳು ಆಂಪಿಯರ್ ಎಳೆಯುತ್ತವೆ. ಬಲ್ಬ್ ಕೆಂಪಗೆ ಉರಿದರೂ ಕೈ ಸುಡುವಷ್ಟು ಕಾಯುತ್ತದೆ. ವಿಮಾನದ ಒಳಗೆ, ಫೋಮ್ ಮೇಲೆ ಇಡಬೇಡಿ. ಹಂಚಿನ ಚೂರಿನ ಮೇಲೆ ಇಡಿ.

ಈಗ ಮೀಟರಿನ ಎರಡೂ ಪ್ರೋಬ್ ಬ್ಯಾಟರಿ ಪ್ಲಗ್ ಬುಡಕ್ಕೆ ಇಟ್ಟು ಬಲ್ಬ್ ಹೊತ್ತಿಸಿ. ಹೊತ್ತಿಸುವ ಮುಂಚಿನ ವೋಲ್ಟೇಜ್, ಹತ್ತು ಸೆಕೆಂಡಿನ ನಂತರದ ವೋಲ್ಟೇಜ್, ಎರಡನ್ನೂ ಬರೆದುಕೊಳ್ಳಿ. ವ್ಯತ್ಯಾಸವನ್ನು ಆಂಪಿಯರ್‌ನಿಂದ ಭಾಗಿಸಿದರೆ ಬ್ಯಾಟರಿ ಮತ್ತು ಅದರ ವೈರಿನ ಒಳತಡೆ ಸಿಗುತ್ತದೆ. 6.6 ಇದ್ದದ್ದು 7 ಆಂಪಿಯರ್‌ನಲ್ಲಿ 6.2 ಆದರೆ 0.4 ಭಾಗ 7, ಅಂದರೆ ಸುಮಾರು 57 ಮಿಲಿಓಮ್. ನಡೆಯುತ್ತದೆ. 5.4ಕ್ಕೆ ಕುಸಿದರೆ 170 ದಾಟಿತು. ಆ ಬ್ಯಾಟರಿಯನ್ನು ಟಾರ್ಚ್‌ಗೆ ಕೊಡಿ.

ಹಳೆಯ ಐದು ಸೆಲ್‌ನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಸಿಕ್ಕಿಬೀಳುವುದು ಇಲ್ಲೇ. ಪೆನ್ಸಿಲ್ ಸೆಲ್ ಗಾತ್ರದ್ದು ವಯಸ್ಸಾದಂತೆ ಒಂದೊಂದು ಸೆಲ್ಲಿಗೂ 30 ಮಿಲಿಓಮ್, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ. ಐದು ಸೆಲ್ ಅಂದರೆ 150. ಹತ್ತು ಆಂಪಿಯರ್ ಎಳೆದರೆ ಬ್ಯಾಟರಿಯ ಒಳಗೇ ಒಂದೂವರೆ ವೋಲ್ಟ್ ಮಾಯ. ಸ್ವಿಚ್, ಪ್ಲಗ್, ವೈರಿನಲ್ಲಿ ಇನ್ನೊಂದು ವೋಲ್ಟ್ ಹೋಗಲಿ. 6 ವೋಲ್ಟಿನದು 3.5ಕ್ಕೆ ಬಂತು ಅಲ್ವಾ? ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇದೇ. ದೊಡ್ಡ ವಿಮಾನಕ್ಕೆ ಆ ಪ್ಯಾಕ್ ಬೇಡವೇ ಬೇಡ ಅನ್ನುವುದು ನನ್ನ ಮಾತು.

ಲೈಫ್ ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಬೇರೆ ಒಂದು ಮೋಸ ಇದೆ. ಎರಡು ಸೆಲ್ಲಿನದು ಚಾರ್ಜರಿನಲ್ಲಿ 7.2ಕ್ಕೆ ಹೋಗಿ, ತೆಗೆದ ಮೇಲೆ 6.6 ಆಸುಪಾಸಿಗೆ ಬಂದು ಕೂರುತ್ತದೆ. ಮುಕ್ಕಾಲು ಖಾಲಿಯಾದರೂ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ, ಕೊನೆಗೆ ದಿಢೀರನೆ ಬೀಳುತ್ತದೆ. ವೋಲ್ಟೇಜ್ ನೋಡಿ "ಇನ್ನೊಂದು ಹಾರಾಟ ಬರುತ್ತೆ" ಅನ್ನುವವರು ಇದರಿಂದಲೇ ಕೆಡುವುದು. ಇದಕ್ಕೆ ಮದ್ದು ಒಂದೇ: ಪ್ರತಿ ಸಲ ಚಾರ್ಜ್ ಮಾಡಿದಾಗ ಎಷ್ಟು ಎಂಎಎಚ್ ಒಳಗೆ ಹೋಯಿತು ಅಂತ ಬರೆದಿಡಿ. ಈ ಪುಸ್ತಕ ಮುಂದೆಯೂ ಕೆಲಸಕ್ಕೆ ಬರುತ್ತದೆ.

ಎರಡು ಬ್ಯಾಟರಿ ಇದ್ದರೆ ಒಂದೊಂದನ್ನೇ ಬಿಚ್ಚಿ ಪರೀಕ್ಷಿಸಿ. ಎರಡು ಬ್ಯಾಟರಿ, ಎರಡು ಸ್ವಿಚ್ ಹಾಕಿದವರ ಧೈರ್ಯ ದೊಡ್ಡದು. ಒಂದು ಸತ್ತು ಎಷ್ಟು ದಿನವಾಯಿತು ಅಂತ ಅವರಿಗೇ ಗೊತ್ತಿರುವುದಿಲ್ಲ, ಇನ್ನೊಂದು ಹೊತ್ತುಕೊಂಡು ಹೋಗುತ್ತಿರುತ್ತದೆ. ಯಾವುದನ್ನು ಬಿಚ್ಚಿದರೂ ಉಳಿದದ್ದು ಒಂದೇ ಇಡೀ ವಿಮಾನವನ್ನು ನಡೆಸಬೇಕು. ಇಲ್ಲವಾದರೆ ಅದು ಎರಡು ಬ್ಯಾಟರಿ ಅಲ್ಲ, ಎರಡು ಅರ್ಧ.

ಬ್ಯಾಟರಿಯಿಂದ ರಿಸೀವರ್‌ವರೆಗೆ

ಬ್ಯಾಟರಿ ಪಾಸಾಯಿತು ಅಂದುಕೊಳ್ಳಿ. ಈಗ ರಿಸೀವರ್‌ನ ಒಂದು ಖಾಲಿ ಸಾಕೆಟ್‌ಗೆ ಹಳೆಯ ಸರ್ವೋದ ವೈರ್ ಚೂರು ಸಿಕ್ಕಿಸಿ, ಅದರ ಕೆಂಪು, ಕಪ್ಪು ತುದಿಗಳಿಗೆ ಮೀಟರ್ ಕೊಡಿ. ಬಿಳಿ ಅಥವಾ ಕಿತ್ತಳೆ ಬಣ್ಣದ ಸಿಗ್ನಲ್ ವೈರಿನ ತುದಿಗೆ ಟೇಪ್ ಸುತ್ತಿ. ಒಬ್ಬರು ಎರಡೂ ಸ್ಟಿಕ್‌ಗಳನ್ನು ಮೂಲೆಯಿಂದ ಮೂಲೆಗೆ ಜೋರಾಗಿ ಆಡಿಸಲಿ. ಇನ್ನೊಬ್ಬರು ಎಲಿವೇಟರ್, ರಡ್ಡರ್‌ಗಳನ್ನು ಅಂಗೈಯಿಂದ ತಡೆಹಿಡಿಯಲಿ. ಗಾಳಿ ಕೊಡುವ ಹೊರೆಗೆ ನೆಲದ ಮೇಲೆ ಅದೇ ಬದಲಿ. ತಡೆಯುವುದು ಒಂದೆರಡು ಸೆಕೆಂಡ್ ಸಾಕು, ಸರ್ವೋ ಸುಡಬೇಡಿ.

ಸಾಧಾರಣ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳೆಯುತ್ತದೆ. ಕ್ಷಣಮಾತ್ರದ ಕುಸಿತ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮಿನ್-ಮ್ಯಾಕ್ಸ್ ಗುಂಡಿ ಇದ್ದರೆ ಒತ್ತಿ. ಅದೂ ಪೂರ್ತಿ ಹಿಡಿಯುವುದಿಲ್ಲ, ಹಾಗಾಗಿ ಮೀಟರ್ 5 ವೋಲ್ಟ್ ತೋರಿಸಿದರೆ ನಿಜ ಅದಕ್ಕಿಂತ ಕಮ್ಮಿ ಅಂತಲೇ ತಿಳಿಯಿರಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗರು ಯಾರಾದರೂ ಪರಿಚಯ ಇದ್ದರೆ ವೋಲ್ಟೇಜಿನ ಏರಿಳಿತವನ್ನು ತೆರೆಯ ಮೇಲೆ ಬರೆದು ತೋರಿಸುವ ಲ್ಯಾಬಿನ ಆಸಿಲೋಸ್ಕೋಪ್ ಹತ್ತಿರ ವಿಮಾನದ ಮೈಯನ್ನೇ ತಗೊಂಡು ಹೋಗಿ. ಒಂದು ಗಂಟೆಯಲ್ಲಿ ಎಲ್ಲ ಕಾಣುತ್ತದೆ.

ಸ್ಟಿಕ್ ಆಡಿಸುವಾಗ ಬ್ಯಾಟರಿ ಬುಡದಲ್ಲಿ 6.3, ರಿಸೀವರ್‌ನಲ್ಲಿ 5.1 ಬಂದರೆ ನಡುವೆ 1.2 ವೋಲ್ಟ್ ಎಲ್ಲೋ ಸೋರುತ್ತಿದೆ. ಎಲ್ಲಿ ಅಂತ ಹುಡುಕಲು ಒಂದು ಪ್ರೋಬ್ ಸ್ವಿಚ್‌ನ ಈಚೆ, ಇನ್ನೊಂದು ಆಚೆ ಇಡಿ. ಹೊರೆ ಇದ್ದಾಗ ಅಲ್ಲಿ ಕಾಣುವ ಸಂಖ್ಯೆಯೇ ಆ ಸ್ವಿಚ್ ತಿನ್ನುವ ವೋಲ್ಟೇಜ್. ಹೀಗೇ ಪ್ಲಗ್, ವೈರ್, ಒಂದೊಂದಾಗಿ. ಕೆಂಪು ದಾರಿ ಮುಗಿದ ಮೇಲೆ ಕಪ್ಪು ದಾರಿಯನ್ನೂ ನೋಡಿ, ಸುಮಾರು ಜನ ಅದನ್ನು ಬಿಟ್ಟುಬಿಡುತ್ತಾರೆ. ನಿಕಲ್ ಪ್ಯಾಕ್‌ಗಳಲ್ಲಿ ನೆಗೆಟಿವ್ ವೈರಿನ ಒಳಗಿನ ತಾಮ್ರ ಕಪ್ಪಾಗಿ ಪುಡಿಯಾಗುವ ರೋಗವೇ ಇದೆ. ಹೊರಗಿಂದ ನೋಡಿದರೆ ಪ್ಲಾಸ್ಟಿಕ್ ಹೊಸದರ ಹಾಗೆ. ಒಂದು ಚೂರು ಸುಲಿದು ನೋಡಿ: ತಾಮ್ರ ತಾಮ್ರದ ಬಣ್ಣದಲ್ಲಿ ಹೊಳೆಯಬೇಕು, ಬೆಸುಗೆ ಹಿಡಿಯಬೇಕು. ಮಸಿ ಬಣ್ಣ ಇದ್ದು ಬೆಸುಗೆ ಜಾರಿದರೆ ಇಡೀ ವೈರ್ ಬದಲಿಸಿ.

ಸರ್ವೋ ಪ್ಲಗ್‌ನ ಪಿನ್ ನಿರಂತರವಾಗಿ 3 ಆಂಪಿಯರ್ ಆಸುಪಾಸಿಗೆ ಮಾಡಿದ್ದು. ಹತ್ತು ಆಂಪಿಯರ್ ಎಳೆಯುವ ವಿಮಾನಕ್ಕೆ ಅಂಥ ಒಂದೇ ಪ್ಲಗ್‌ನಲ್ಲಿ ಕರೆಂಟ್ ಕೊಟ್ಟರೆ ಅದು ಕಾಯದೆ ಇನ್ನೇನು ಮಾಡುತ್ತದೆ? ಎರಡು ಕಡೆಯಿಂದ ಕೊಡಿ, ಇಲ್ಲವೇ ಸರ್ವೋಗಳಿಗೆ ಕರೆಂಟ್ ಹಂಚುವ ಪವರ್ ಬಾಕ್ಸ್ ಹಾಕಿ, ರಿಸೀವರ್ ಮೂಲಕ ಹೊರೆ ಹಾಯಿಸಬೇಡಿ.

ಎಕ್ಸ್‌ಟೆನ್ಷನ್ ವೈರಿನ ಲೆಕ್ಕವೂ ಸುಲಭ. 22 ಗೇಜ್ ತಾಮ್ರದ ವೈರಿಗೆ ಮೀಟರಿಗೆ 53 ಮಿಲಿಓಮ್, 26 ಗೇಜಿಗೆ ಸುಮಾರು 134. ಬಾಲದ ಸರ್ವೋ ಒಂದು ಮೀಟರ್ ದೂರ ಇದ್ದರೆ ಕರೆಂಟ್ ಹೋಗಿ ಬರಲು ಎರಡು ಮೀಟರ್. 3 ಆಂಪಿಯರ್‌ಗೆ ದಪ್ಪ ವೈರಿನಲ್ಲಿ 0.3 ವೋಲ್ಟ್, ತೆಳು ವೈರಿನಲ್ಲಿ 0.8 ವೋಲ್ಟ್ ಹೋಗುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎಕ್ಸ್‌ಟೆನ್ಷನ್‌ಗಳು ಬಹುಪಾಲು ಆ ತೆಳುವಿನವೇ.

ಇನ್ನು ಅಲ್ಲಾಡಿಸುವ ಪರೀಕ್ಷೆ. ಎಲ್ಲ ಆನ್ ಮಾಡಿ, ಒಬ್ಬರು ರಿಸೀವರ್ ದೀಪವನ್ನೇ ನೋಡುತ್ತಿರಲಿ. ಇನ್ನೊಬ್ಬರು ಸ್ಕ್ರೂಡ್ರೈವರ್ ಹಿಡಿಯಿಂದ ಸ್ವಿಚ್, ಬ್ಯಾಟರಿ ತಟ್ಟೆ, ಪ್ಲಗ್‌ಗಳ ಸುತ್ತ ತಟ್ಟುತ್ತಾ ಹೋಗಲಿ. ಪ್ರತಿ ವೈರನ್ನು ಪ್ಲಗ್ ಬುಡದಲ್ಲಿ ಮೆಲ್ಲಗೆ ಬಗ್ಗಿಸಿ. ಬಲ್ಬ್ ಇಟ್ಟು ಇದನ್ನು ಮಾಡಬೇಡಿ. ಬಲ್ಬಿನ ತಂತಿ ಆರಲು ಸಮಯ ಬೇಕು, ಸಣ್ಣ ಕಡಿತವನ್ನು ಅದು ಮುಚ್ಚಿಹಾಕುತ್ತದೆ. ರಿಸೀವರ್ ಮುಚ್ಚಿಹಾಕುವುದಿಲ್ಲ.

ಪಿನ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ. ನಮ್ಮ ಎರೆಮಣ್ಣಿನ ಧೂಳು ನುಣುಪು, ಒಂದು ಬೇಸಿಗೆಯಲ್ಲಿ ಎಲ್ಲಿ ಬೇಕಾದರೂ ನುಗ್ಗುತ್ತದೆ. ಅದರ ಮೇಲೆ ಎಂಜಿನ್ನಿನ ಎಣ್ಣೆ ಹನಿ. ಎರಡೂ ಸೇರಿ ಸಾಕೆಟ್ ಒಳಗೆ ಕಪ್ಪು ಅಂಟು ಕೂರುತ್ತದೆ. ಜೊತೆಗೆ ಎಂಜಿನ್ ನಡುಕಕ್ಕೆ ಪಿನ್ ಮತ್ತು ಸಾಕೆಟ್ ಸದಾ ಉಜ್ಜಿಕೊಂಡು ಮೇಲಿನ ಚಿನ್ನದ ಲೇಪ ಸವೆಯುತ್ತದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣ ಹಾಕಿ ಒರೆಸಿ. ಸವೆದಿದ್ದರೆ ಒರೆಸಿ ಫಲವಿಲ್ಲ, ಪ್ಲಗ್ ಬದಲಿಸಿ. ಉಪ್ಪುಕಾಗದ ಹಾಕಿ ತಿಕ್ಕುವವರನ್ನು ನೋಡಿದ್ದೇನೆ. ಉಳಿದ ಲೇಪವೂ ಹೋಗುತ್ತದೆ, ತಿಂಗಳಲ್ಲಿ ಇನ್ನೂ ಕೆಡುತ್ತದೆ.

ಮಧ್ಯಾಹ್ನ ಮಾತ್ರ ಬರುವ ದೋಷ

ಕೊಂಡಜ್ಜಿ ಕಡೆಯ ಬಯಲಿನಲ್ಲಿ ಹಾರಿಸುವ ಗೆಳೆಯನೊಬ್ಬನ ವಿಮಾನ. "ಬೆಳಿಗ್ಗೆ ಏನೂ ಇಲ್ಲ ಅಣ್ಣಾ, ಮಧ್ಯಾಹ್ನ ಆಯ್ತೋ ಎಲಿವೇಟರ್ ಸೋಮಾರಿ ಆಗುತ್ತೆ. ಇಳಿಸಿ ನೋಡಿದ್ರೆ ಸರಿ ಇರುತ್ತೆ" ಅಂದ. ರಿಸೀವರ್ ಆಗಲೇ ಬದಲಾಗಿತ್ತು. ಬ್ಯಾಟರಿ ಬಲ್ಬ್ ಪರೀಕ್ಷೆಯಲ್ಲಿ ಪಾಸು. ಪ್ಲಗ್‌ಗಳೂ ಚೊಕ್ಕ.

ಬ್ಯಾಟರಿ ಎರಡು ಸೆಲ್‌ನ ಲಿಪೊ (ಲಿಥಿಯಂ ಪಾಲಿಮರ್), ತುಂಬಿದಾಗ 8.4 ವೋಲ್ಟ್. ಸರ್ವೋಗಳು 6 ವೋಲ್ಟಿನವು. ನಡುವೆ ಲೀನಿಯರ್ ರೆಗ್ಯುಲೇಟರ್ ಒಂದು ಕೂತಿತ್ತು. ಈ ಜಾತಿಯದು ಹೆಚ್ಚಾದ ವೋಲ್ಟೇಜನ್ನು ಬಿಸಿಯಾಗಿ ಸುಟ್ಟು ಹಾಕುತ್ತದೆ. 2.4 ವೋಲ್ಟ್ ವ್ಯತ್ಯಾಸ, ಸರಾಸರಿ 3 ಆಂಪಿಯರ್ ಅಂದರೂ 7 ವಾಟ್ ಶಾಖ. ಸಣ್ಣ ಬೆಸುಗೆ ಕಡ್ಡಿಯ ಅರ್ಧದಷ್ಟು. ಅದನ್ನು ನಡುಕ ತಾಗದಿರಲಿ ಅಂತ ಸ್ಪಾಂಜಿನಲ್ಲಿ ಸುತ್ತಿ, ಗಾಳಿ ಬಾರದ ಮೂಲೆಯಲ್ಲಿ ಇಟ್ಟಿದ್ದ. ಏಪ್ರಿಲ್‌ನ ದಾವಣಗೆರೆ ಬಿಸಿಲು, 40 ಡಿಗ್ರಿ ಹತ್ತಿರ. ಕಪ್ಪು ಬಣ್ಣದ ಮೇಲ್ಮುಚ್ಚಳದ ಒಳಗೆ ಇನ್ನೂ ಜಾಸ್ತಿ. ರೆಗ್ಯುಲೇಟರ್ ತನ್ನನ್ನು ಕಾಪಾಡಿಕೊಳ್ಳಲು ಕರೆಂಟ್ ಬಿಗಿ ಹಿಡಿಯುತ್ತಿತ್ತು. ವಿಮಾನ ಇಳಿಸಿ, ಮುಚ್ಚಳ ತೆಗೆದು, ಮೀಟರ್ ಇಡುವ ಹೊತ್ತಿಗೆ ತಣ್ಣಗಾಗಿ ಒಳ್ಳೆಯ ಹುಡುಗನ ಹಾಗೆ 6.0 ತೋರಿಸುತ್ತಿತ್ತು.

ಇಂಥದ್ದನ್ನು ಹಿಡಿಯಲು ದೋಷ ಬರುವ ಸ್ಥಿತಿಯನ್ನೇ ತರಬೇಕು. ಮುಚ್ಚಳ ಹಾಕಿಯೇ ವಿಮಾನವನ್ನು ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿದೆವು. ಮೀಟರಿನ ವೈರ್ ಮುಂಚೆಯೇ ಹೊರಗೆ ಎಳೆದಿಟ್ಟಿದ್ದೆವು. ಸ್ಟಿಕ್ ಆಡಿಸುತ್ತಾ ಹೋದಂತೆ 6.0, 5.9, ಆಮೇಲೆ ಒಮ್ಮೆಗೇ 4.6. ಬಿಸಿಲಿಲ್ಲದಿದ್ದರೆ ಹೇರ್ ಡ್ರೈಯರ್ ಸಾಕು.

ಇದಕ್ಕೆ ದಾರಿ ಹಲವು. ರೆಗ್ಯುಲೇಟರನ್ನು ಅಲ್ಯೂಮಿನಿಯಂ ತಗಡಿಗೆ ಕಚ್ಚಿಸಿ ಗಾಳಿ ಬೀಳುವ ಕಡೆ ಇಡಬಹುದು. ಸ್ವಿಚಿಂಗ್ ಜಾತಿಯದು ಹಾಕಿದರೆ ಶಾಖ ಕಮ್ಮಿ, ಆದರೆ ಅದನ್ನು ಆಂಟೆನಾದಿಂದ ದೂರ ಇಡಿ. ನನಗೆ ಇಷ್ಟವಾದದ್ದು ರೆಗ್ಯುಲೇಟರನ್ನೇ ತೆಗೆದುಹಾಕುವುದು: 8.4 ವೋಲ್ಟ್ ತಡೆಯುವ ಸರ್ವೋಗಳಿಗೆ ಲಿಪೊ ನೇರ, ಇಲ್ಲವೇ 6.6 ವೋಲ್ಟ್ ತಡೆಯುವ ಸರ್ವೋಗಳಿಗೆ ಲೈಫ್ ನೇರ. ಸರ್ವೋ ಎಷ್ಟು ತಡೆಯುತ್ತದೆ ಅಂತ ಅದರ ಕಾಗದದಲ್ಲಿ ನೋಡಿಯೇ ಮಾಡಿ. ಇಲ್ಲದ ವಸ್ತು ಕೆಡುವುದಿಲ್ಲ.

ಸುಮ್ನೆ ಕರೆಂಟ್ ಕುಡಿಯುವ ಸರ್ವೋ

ಚಾರ್ಜ್ ಪುಸ್ತಕ ಈಗ ತೆಗೆಯಿರಿ. ಅದೇ ವಿಮಾನ, ಅದೇ ಹೊತ್ತು ಹಾರಿಸಿದರೂ ಮೊದಲಿನ ದುಪ್ಪಟ್ಟು ಎಂಎಎಚ್ ಹೋಗುತ್ತಿದೆಯೇ? ಯಾವುದೋ ಸರ್ವೋ ಒದ್ದಾಡುತ್ತಿದೆ.

ಎರಡು ಸರ್ವೋ ಒಂದೇ ರಡ್ಡರನ್ನು ಎಳೆಯುವ ಕಡೆ ಮೊದಲು ನೋಡಿ. ಎರಡರ ನಡುಬಿಂದು ಒಂದು ಕೂದಲು ಎಳೆಯಷ್ಟು ಹೆಚ್ಚುಕಮ್ಮಿಯಾದರೂ ಒಂದು ಎಡಕ್ಕೆ, ಒಂದು ಬಲಕ್ಕೆ ಎಳೆದಾಡುತ್ತಾ ಗುಂಯ್ ಅನ್ನುತ್ತಿರುತ್ತವೆ. ಕೈ ಇಟ್ಟರೆ ಬಿಸಿ. ಒಂದು ಸರ್ವೋದಿಂದ ರಡ್ಡರಿಗೆ ಹೋಗುವ ಕಡ್ಡಿ ಬಿಚ್ಚಿ. ನಡುವಿನಲ್ಲೂ, ಎರಡೂ ತುದಿಯಲ್ಲೂ ಕಡ್ಡಿಯ ತೂತು ಹಾರ್ನ್‌ನ (ರಡ್ಡರಿಗೆ ಕಚ್ಚಿಸಿದ ಪುಟ್ಟ ತೋಳು) ತೂತಿಗೆ ಒತ್ತಡವಿಲ್ಲದೆ ಕೂರಬೇಕು. ನಡುವಿನಲ್ಲಿ ಮಾತ್ರ ಹೊಂದಿಸಿ ಬಿಡುವವರೇ ಜಾಸ್ತಿ.

ಅಳೆಯಬೇಕೆಂದರೆ ಬ್ಯಾಟರಿ ವೈರಿಗೆ ಟಾಂಗ್ ಟೆಸ್ಟರ್ ಹಾಕಿ. ವೈರಿಂಗ್ ಮಾಡುವವರ ಹತ್ತಿರ ಇರುವ ಸಾದಾ ಟಾಂಗ್ ಟೆಸ್ಟರ್ ಎಸಿ ಮಾತ್ರ ತೋರಿಸುತ್ತದೆ, ಬ್ಯಾಟರಿ ಕರೆಂಟಿಗೆ ಸೊನ್ನೆ ಅನ್ನುತ್ತದೆ. ಡಿಸಿ ಅಳೆಯುವುದನ್ನೇ ಕೇಳಿ ತನ್ನಿ. ಸ್ಟಿಕ್ ಮುಟ್ಟದೆ ನಿಂತಾಗ ಎಷ್ಟು ತೋರಿಸುತ್ತದೆ ನೋಡಿ, ಒಂದೊಂದು ಸರ್ವೋ ಪ್ಲಗ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಸಂಖ್ಯೆ ದಪ್ಪನೆ ಬೀಳುತ್ತದೋ ಅದೇ.

ಚಿತ್ರದುರ್ಗದ ಆಷಾಢದ ಗಾಳಿ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ಗಾಳಿಯಲ್ಲಿ ಸರ್ವೋಗಳಿಗೆ ಒಂದು ಕ್ಷಣ ಬಿಡುವಿಲ್ಲ. ಚಳಿಗಾಲದಲ್ಲಿ ಮೂರು ಹಾರಾಟ ಬರುತ್ತಿದ್ದ ಬ್ಯಾಟರಿಯನ್ನು ಆಷಾಢದಲ್ಲಿ ಅದೇ ನಂಬಿಕೆಯಲ್ಲಿ ಹಾರಿಸಬೇಡಿ.

ರಿಸೀವರ್‌ಗೆ ದೊಡ್ಡ ಕೆಪಾಸಿಟರ್ ಸಿಕ್ಕಿಸಿದರೆ ಸರಿಹೋಗುತ್ತದೆ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಲೆಕ್ಕ ಹಾಕಿ: 4700 ಮೈಕ್ರೋಫ್ಯಾರಡ್‌ನದು, 5 ಆಂಪಿಯರ್ ಎಳೆದರೆ, ಒಂದು ಮಿಲಿಸೆಕೆಂಡಿಗೆ ಸುಮಾರು 1 ವೋಲ್ಟ್ ಇಳಿಯುತ್ತದೆ. ಕಣ್ಣು ಮಿಟುಕಿಸುವ ಹೊತ್ತನ್ನೂ ಅದು ತಡೆಯದು. ಚಿಕ್ಕ ಕುಸಿತವನ್ನು ಮರೆಮಾಚುತ್ತದೆ, ಅದರಿಂದ ಮೂಲ ದೋಷ ಇನ್ನಷ್ಟು ದಿನ ಬೆಳೆಯುತ್ತದೆ. ಹುಡುಕುವಾಗ ಅದನ್ನು ತೆಗೆದಿಡಿ.

ಈಗ ಸಿಗ್ನಲ್

ಪವರ್ ಎಲ್ಲ ಸರಿ ಅಂತ ಅಳೆದು ನೋಡಿದ ಮೇಲೆ ಮಾತ್ರ ಇತ್ತ ಬನ್ನಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂ.ಮೀ. ರಿಸೀವರ್ ಆಂಟೆನಾದಲ್ಲಿ ಕೆಲಸ ಮಾಡುವುದು ತುದಿಯ 31 ಮಿ.ಮೀ. ಮಾತ್ರ, ಹಿಂದಿನದು ಬರೀ ವೈರ್. ಆ ತುದಿ ತುಂಡಾಗಿದೆಯೇ, ಮಡಚಿದೆಯೇ ನೋಡಿ. ಎರಡು ಆಂಟೆನಾ ಒಂದಕ್ಕೊಂದು 90 ಡಿಗ್ರಿಯಲ್ಲಿರಬೇಕು. ಕಾರ್ಬನ್ ಫೈಬರ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್ ಕೊಳವೆ, ಬ್ಯಾಟರಿ, ಇವುಗಳ ಹಿಂದೆ ಅಡಗಿಸಿದರೆ ಒಂದು ದಿಕ್ಕಿಗೆ ವಿಮಾನ ಕುರುಡು. ಅದಕ್ಕೇ ವಿಮಾನ ಒಂದೇ ಭಂಗಿಯಲ್ಲಿ ಇದ್ದಾಗ ಪದೇ ಪದೇ ದೋಷ ಬಂದರೆ ಆಂಟೆನಾ ಮೇಲೆ ಕಣ್ಣು ಹಾಕಿ.

ರೇಂಜ್ ಪರೀಕ್ಷೆ ನೆಲದ ಮೇಲಿಟ್ಟು ಮಾಡಬೇಡಿ, ಒಂದು ಮೇಜಿನ ಎತ್ತರಕ್ಕೆ ಎತ್ತಿ ಇಡಿ. ಟ್ರಾನ್ಸ್‌ಮಿಟರನ್ನು ರೇಂಜ್ ಚೆಕ್‌ಗೆ ಹಾಕಿ ಕೈಪಿಡಿ ಹೇಳುವ ದೂರಕ್ಕೆ ಹೋಗಿ, ಹಲವು ರೇಡಿಯೋಗಳಿಗೆ ಅದು 30 ಹೆಜ್ಜೆ ಆಸುಪಾಸು. ವಿಮಾನವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ. ಮೊದಲು ಎಂಜಿನ್ ನಿಲ್ಲಿಸಿ, ಆಮೇಲೆ ನಡೆಸಿ, ಪೂರ್ತಿ ಥ್ರಾಟಲ್‌ವರೆಗೆ. ನಿಂತಾಗ ಚೆನ್ನಾಗಿದ್ದು ನಡೆದಾಗ ದೂರ ಕುಗ್ಗಿದರೆ ಇಗ್ನಿಷನ್ ಕಿಡಿ ಅಥವಾ ನಡುಕ. ತಟ್ಟುವ ಪರೀಕ್ಷೆ ಮೊದಲೇ ಪಾಸಾಗಿದ್ದರೆ ನಡುಕವನ್ನು ಬಿಡಿ, ಇಗ್ನಿಷನ್ ಹಿಡಿಯಿರಿ. ಸ್ಪಾರ್ಕ್ ಪ್ಲಗ್ ಕ್ಯಾಪ್ ಸಡಿಲವೇ? ಪ್ಲಗ್ ವೈರಿನ ಮೇಲಿನ ಜಾಲರಿ ಹೊದಿಕೆ ಎಲ್ಲಾದರೂ ಹರಿದಿದೆಯೇ? ಇಗ್ನಿಷನ್‌ಗೆ ಬೇರೆ ಬ್ಯಾಟರಿ ಇರಲಿ, ಅದರ ಡಬ್ಬಿ ರಿಸೀವರ್‌ನಿಂದ 30 ಸೆಂ.ಮೀ. ಆದರೂ ದೂರ ಇರಲಿ. ಥ್ರಾಟಲ್ ಕಡ್ಡಿ ಲೋಹದ್ದಾಗಿದ್ದು ಲೋಹಕ್ಕೇ ಉಜ್ಜಿದರೆ ಅದೂ ಗಲಾಟೆ ಮಾಡುತ್ತದೆ. ನೈಲಾನ್ ಕೊಂಡಿ ಹಾಕಿ.

ಮೊಬೈಲ್ ಟವರನ್ನು ಬೈಯುವುದು ಸುಲಭ. ನಮ್ಮ ದೇಶದ 4ಜಿಗೆ ಬಳಸುವ ಒಂದು ಪಟ್ಟಿ 2300ರಿಂದ 2400 ಮೆಗಾಹರ್ಟ್ಸ್, ನಮ್ಮದರ ಪಕ್ಕದ ಮನೆ, ನಿಜ. ಟವರಿನ ಬುಡದಲ್ಲಿ ನಿಂತು ಹಾರಿಸಬೇಡಿ. ಆದರೆ ದೂರದಲ್ಲೆಲ್ಲೋ ಕಾಣುವ ಟವರನ್ನು ನಾನು ಆರೋಪಿಗಳ ಪಟ್ಟಿಯಲ್ಲಿ ಕೊನೆಗೆ ಬರೆಯುತ್ತೇನೆ. ದುರ್ಗದ ಬಂಡೆಗಳು ಅದಕ್ಕಿಂತ ಮೇಲೆ ಬರುತ್ತವೆ, ಬಂಡೆಯ ಹಿಂದಕ್ಕೆ ವಿಮಾನ ಇಳಿದರೆ ಈ ಅಲೆ ಸುತ್ತಿಕೊಂಡು ಹೋಗುವುದಿಲ್ಲ. ಜಾಗದ ಮಾತು ಬಂತು ಅಂತ ಹೇಳುತ್ತೇನೆ: ಚಳ್ಳಕೆರೆ ಬಳಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇದೆ, ಆ ಕಡೆ ಹೋಗುವವರು ಡ್ರೋನ್ ವಲಯದ ಸರ್ಕಾರಿ ನಕ್ಷೆ ನೋಡಿಯೇ ಹೋಗಿ.

ಇಷ್ಟೂ ಆದ ಮೇಲೂ ರೇಂಜ್ ಕಮ್ಮಿ ಇದ್ದರೆ, ಎಂಜಿನ್ ನಿಲ್ಲಿಸಿದಾಗಲೂ ಕಮ್ಮಿ ಇದ್ದರೆ, ರಿಸೀವರನ್ನು ಬಿಚ್ಚಿ ಒಂದು ಫೋಮ್ ವಿಮಾನಕ್ಕೆ ಹಾಕಿ ಅದೇ ಜಾಗದಲ್ಲಿ ಅದೇ ಪರೀಕ್ಷೆ ಮಾಡಿ. ಅಲ್ಲೂ ಕಮ್ಮಿ ಬಂದರೆ ಹೊಸ ರಿಸೀವರ್‌ಗೆ ಆರ್ಡರ್ ಮಾಡಿ. ಹೊಸದು ಬಂದಾಗ ಮೊದಲು ಫೇಲ್‌ಸೇಫ್‌ನಲ್ಲಿ ಥ್ರಾಟಲ್ ಐಡಲ್‌ಗೆ ಬರುವ ಹಾಗೆ ಹೊಂದಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ. ಬಿದ್ದ ವಿಮಾನದಿಂದ ತೆಗೆದ ಹಳೆಯದು ಫೋಮ್ ವಿಮಾನದಲ್ಲಿ ಚೆನ್ನಾಗಿ ನಡೆದರೂ ಮತ್ತೆ ಹತ್ತು ಕೆ.ಜಿ.ಯದಕ್ಕೆ ಹಾಕಬೇಡಿ, ಅದು ಅಲ್ಲೇ ಇರಲಿ.